ಮಳೆಗಾಲದಲ್ಲಿ ಹುಟ್ಟಿದ ಕೂಸು: ಮಲೆನಾಡಿನ ಮನೆಯಲ್ಲಿ ಮೊದಲ ವಾರಗಳು

ನಮ್ಮ ಮಗಳು ಹುಟ್ಟಿದ್ದು ಜುಲೈಯಲ್ಲಿ. ಹೊಸನಗರ ತಾಲ್ಲೂಕಿನ ನನ್ನ ತವರಿನಲ್ಲಿ ಆ ವಾರ ಬಿಸಿಲೇ ಬೀಳಲಿಲ್ಲ. ಹೆಂಚಿನ ಮೇಲೆ ಹಗಲೂ ರಾತ್ರಿ ಮಳೆ, ಕರೆಂಟ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಜಗಲಿಯ ಹಗ್ಗದ ಮೇಲೆ ಹಾಕಿದ ಲಂಗೋಟಿ ಮೂರನೇ ದಿನಕ್ಕೂ ಒದ್ದೆ. ನಾಲ್ಕನೇ ದಿನ ಕೂಸು ಜಾಸ್ತಿ ನಿದ್ದೆ ಮಾಡತೊಡಗಿತು. ಎಬ್ಬಿಸಿದರೆ ಎರಡು ಗುಟುಕು ಕುಡಿದು ಮತ್ತೆ ಕಣ್ಣು ಮುಚ್ಚುತ್ತಿತ್ತು. ಎಷ್ಟು ಸಾಧು ಕೂಸು, ಅಳೋದೇ ಇಲ್ಲ ಅಂತ ಬಂದವರೆಲ್ಲ ಹೇಳಿದರು. ನಾನೂ ಖುಷಿಪಟ್ಟೆ.

ಸಂಜೆ ದೊಡ್ಡಮ್ಮ ಬಂದರು. ಕತ್ತಲೆ ಕೋಣೆಯಿಂದ ಕೂಸನ್ನು ಎತ್ತಿಕೊಂಡು ಹೋಗಿ ಜಗಲಿಯ ಕಿಟಕಿ ಹತ್ತಿರ ನಿಂತರು. ಹಣೆಯ ಮೇಲೆ ಬೆರಳು ಒತ್ತಿ ಬಿಟ್ಟರು. ಒತ್ತಿದ ಜಾಗ ಒಂದು ಕ್ಷಣ ಬೆಳ್ಳಗಾಗಬೇಕಿತ್ತು, ಅರಿಶಿನ ಸವರಿದ ಹಾಗೆ ಹಳದಿಯಾಗಿತ್ತು. ಎದೆ ಒತ್ತಿದರು, ಹಳದಿ. ಕಾಲು ಬಿಚ್ಚಿ ಅಂಗಾಲು ಒತ್ತಿದರು, ಅಲ್ಲೂ ಹಳದಿ. "ಹೊರಡಿ, ಈಗಲೇ" ಅಂದರು. ಮಳೆಯಲ್ಲೇ ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಬಂದೆವು. ಎರಡು ದಿನ ನೀಲಿ ಲೈಟಿನ ಕೆಳಗೆ ಇಟ್ಟರು, ಸರಿಹೋಯಿತು.

ಅವತ್ತಿನಿಂದ ಯಾರ ಮನೆಗೆ ಕೂಸು ನೋಡಲು ಹೋದರೂ ಕೆಲವು ವಿಷಯ ಹೇಳದೆ ಬರುವುದಿಲ್ಲ. ನಮ್ಮ ಕಡೆಯ ಬಾಣಂತನ ಚೆನ್ನಾಗಿದೆ, ಎಷ್ಟೋ ಪಟ್ಟಣದ ತಾಯಂದಿರಿಗೆ ಸಿಗದ ಆರೈಕೆ ಅದು. ಆದರೆ ಆಸ್ಪತ್ರೆ ಒಂದೆರಡು ಗಂಟೆ ದೂರ ಇದ್ದಾಗ, ದಾರಿಯಲ್ಲಿ ಮರ ಬೀಳುವ ಕಾಲದಲ್ಲಿ, ಏನನ್ನು ಗಮನಿಸಬೇಕು, ಯಾವಾಗ ಹೊರಡಬೇಕು ಅನ್ನೋದು ಮನೆಯ ಎಲ್ಲರಿಗೂ ಗೊತ್ತಿರಬೇಕು. ಬೆಳಗ್ಗೆ ನೋಡೋಣ ಅನ್ನುವ ಅನುಕೂಲ ನಮಗಿಲ್ಲ.

ಹೆರಿಗೆಗೆ ಮುಂಚೆ

ಎಂಟನೇ ತಿಂಗಳಲ್ಲೇ ಮೂರು ಕೆಲಸ ಮುಗಿಸಿ. ರಾತ್ರಿ ಎರಡು ಗಂಟೆಗೆ ಕರೆದರೂ ಬರುವ ಇಬ್ಬರು ಗಾಡಿಯವರ ನಂಬರ್ ಗೋಡೆ ಮೇಲೆ ಬರೆದಿಡಿ, ಏಕೆಂದರೆ 108 ಆಂಬುಲೆನ್ಸ್ ಇದ್ದರೂ ಮನೆ ಒಳಗಿನ ಹಳ್ಳಿಯಲ್ಲಿದ್ದರೆ ಬರಲು ಹೊತ್ತಾಗಬಹುದು. ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಅನ್ನೋದು ಬಾಣಂತಿಗೂ ಗೊತ್ತಿರಲಿ. ತಾಯಿ ಕಾರ್ಡ್, ಒಂದು ಡಿಜಿಟಲ್ ಥರ್ಮಾಮೀಟರ್, ಟಾರ್ಚ್, ಒಣಗಿದ ಹತ್ತಿ ಬಟ್ಟೆಗಳು, ಕುಲಾವಿ, ಒಂದು ತೆಳು ಕಂಬಳಿ, ಇವನ್ನು ಒಂದೇ ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ನೇತು ಹಾಕಿ. ಹೆರಿಗೆ ಆಯಿತು ಅಂತ ಆ ಚೀಲ ಬಿಚ್ಚಬೇಡಿ, ಆರು ವಾರ ಅಲ್ಲೇ ಇರಲಿ.

ಬಟ್ಟೆ ಜಾಸ್ತಿ ಬೇಕು. ಬೇಸಿಗೆಯ ಕೂಸಿಗೆ ಇಪ್ಪತ್ತು ಲಂಗೋಟಿ ಸಾಕಾದರೆ ನಮ್ಮ ಮಳೆಗಾಲಕ್ಕೆ ನಲವತ್ತೂ ಸಾಲದು. ಹಳೆ ಕಾಟನ್ ಸೀರೆ, ಪಂಚೆ ಹರಿದು ತೊಳೆದು ಮೇ ತಿಂಗಳ ಬಿಸಿಲಲ್ಲೇ ಒಣಗಿಸಿ ಇಟ್ಟುಕೊಳ್ಳಿ.

ಮೊದಲ ಗಂಟೆಯಿಂದಲೇ ಹಾಲು

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಮೊದಲ ಎರಡು ಮೂರು ದಿನ ಬರುವ ದಪ್ಪ ಹಳದಿ ಹಾಲು ಕೆಲವೇ ಚಮಚ ಇರುತ್ತದೆ, ಕೆಲವು ಹಿರಿಯರು ಅದನ್ನು ಹಿಂಡಿ ಚೆಲ್ಲಿ ಅನ್ನುತ್ತಾರೆ. ಚೆಲ್ಲಬೇಡಿ. ಕೂಸಿಗೆ ರೋಗ ತಡೆಯುವ ಶಕ್ತಿ ಕೊಡುವುದೇ ಅದು. ಮೊದಲ ದಿನ ಕೂಸಿನ ಹೊಟ್ಟೆ ಹಿಡಿಯುವುದು ಒಂದು ಚಮಚದಷ್ಟು ಮಾತ್ರ, ಹಾಗಾಗಿ ಅಷ್ಟು ಹಾಲೇ ಸಾಕು.

ಬಾಯಿಗೆ ಬರೀ ತೊಟ್ಟು ಕೊಟ್ಟರೆ ಸಾಲದು. ಅದರ ಸುತ್ತಲಿನ ಕಪ್ಪು ಭಾಗವೂ ಆದಷ್ಟು ಒಳಗೆ ಹೋಗಬೇಕು. ಕೂಸಿನ ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ಅಂಟಿದಂತಿರಬೇಕು. ಹೀಗಾದಾಗ ಮೊದಲು ಬೇಗ ಬೇಗ ಚೀಪುತ್ತದೆ, ಆಮೇಲೆ ನಿಧಾನವಾಗಿ ನುಂಗುವ ಶಬ್ದ ಕೇಳುತ್ತದೆ. ನೋವು ಜಾಸ್ತಿಯಾಗಿ ತೊಟ್ಟು ಬಿರಿದರೆ ಹೆಚ್ಚಿನ ಸಲ ಕಾರಣ ಹಿಡಿಸಿದ ರೀತಿ. ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ಕುಡಿದಾದ ಮೇಲೆ ಒಂದೆರಡು ಹನಿ ನಿಮ್ಮದೇ ಹಾಲನ್ನು ಬಿರಿದ ಜಾಗಕ್ಕೆ ಹಚ್ಚಿ ಗಾಳಿಗೆ ಬಿಡಿ.

ದಿನಕ್ಕೆ 8 ರಿಂದ 12 ಸಲ, ರಾತ್ರಿಯೂ ಸೇರಿ. ಹುಟ್ಟಿದ ತೂಕ ವಾಪಸ್ ಬರುವ ತನಕ ಮೂರು ಗಂಟೆಗಿಂತ ಜಾಸ್ತಿ ಮಲಗಿದ್ದರೆ ಎಬ್ಬಿಸಿ ಕುಡಿಸಿ. ಸುತ್ತಿದ ಬಟ್ಟೆ ಬಿಚ್ಚಿ, ಅಂಗಾಲು ಉಜ್ಜಿ, ಲಂಗೋಟಿ ಬದಲಿಸಿ, ಎಚ್ಚರ ಆಗುತ್ತದೆ. ಚೀಪಲು ಆಗದಷ್ಟು ಸಣ್ಣ ಕೂಸಾದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಬೆಳ್ಳಿ ಒಳಲೆ ಇದ್ದೇ ಇರುತ್ತದೆ, ಪ್ರತಿ ಸಲ ಸೋಪಿನಲ್ಲಿ ತೊಳೆದು ನೀರಲ್ಲಿ ಕುದಿಸಿ ಬಳಸಿ. ಬಾಟಲಿಗಿಂತ ಇದು ಎಷ್ಟೋ ಒಳ್ಳೆಯದು.

ಹಾಲು ಸಾಕಾಗುತ್ತಿದೆಯಾ?

ಎಲ್ಲ ತಾಯಂದಿರ ಕಣ್ಣಲ್ಲೂ ನೀರು ತರಿಸುವ ಪ್ರಶ್ನೆ ಇದು. ಕೂಸು ಅತ್ತ ಕೂಡಲೇ ಹಾಲು ಸಾಲುತ್ತಿಲ್ಲ ಅಂತ ಯಾರಾದರೂ ಹೇಳಿಬಿಡುತ್ತಾರೆ, ಕೊಟ್ಟಿಗೆಯಲ್ಲಿ ಹಸು ಇದೆ, ಸ್ವಲ್ಪ ನೀರು ಬೆರೆಸಿ ಕೊಡೋಣ ಅನ್ನುತ್ತಾರೆ. ಕೊಡಬೇಡಿ. ಅಳುವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒದ್ದೆ ಲಂಗೋಟಿ ಎಣಿಸಿ. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು, ಮೂರನೇ ದಿನ ಮೂರು, ಹೀಗೆ. ಐದನೇ ದಿನ ದಾಟಿದ ಮೇಲೆ ದಿನಕ್ಕೆ ಆರು ಅಥವಾ ಜಾಸ್ತಿ ಸಲ ಉಚ್ಚೆ ಹೊಯ್ದರೆ, ಅದರ ಬಣ್ಣ ತಿಳಿಯಾಗಿದ್ದರೆ, ಹಾಲು ಸಾಕಾಗುತ್ತಿದೆ. ನಾನು ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ, ಅಡಕೆ ಮೂಟೆ ಎಣಿಸುವಾಗ ಅಪ್ಪ ಎಳೆಯುವ ಹಾಗೆ. ರಾತ್ರಿ ನಿದ್ದೆಗಣ್ಣಲ್ಲಿ ನೆನಪು ಕೈಕೊಡುತ್ತದೆ, ಗೆರೆ ಉಳಿದಿರುತ್ತದೆ.

ಕಕ್ಕವೂ ಹೇಳುತ್ತದೆ. ಮೊದಲು ಟಾರಿನಂತೆ ಕಪ್ಪು ಅಂಟು, ಆಮೇಲೆ ಹಸಿರು, ನಾಲ್ಕೈದನೇ ದಿನಕ್ಕೆ ಸಾಸಿವೆ ಅರೆದ ಹಾಗೆ ಹಳದಿ. ಹಾಲು ಕುಡಿದಾಗಲೆಲ್ಲ ಮಾಡಿದರೂ ಅದು ಭೇದಿಯಲ್ಲ. ಒಂದೂವರೆ ತಿಂಗಳಾದ ಮೇಲೆ ಎದೆಹಾಲು ಮಾತ್ರ ಕುಡಿಯುವ ಕೆಲವು ಕೂಸುಗಳು ನಾಲ್ಕೈದು ದಿನ ಮಾಡದೇ ಇರುವುದೂ ಉಂಟು, ಮಾಡಿದಾಗ ಮೆತ್ತಗಿದ್ದು ಕೂಸು ಆರಾಮಾಗಿದ್ದರೆ ಚಿಂತೆ ಬೇಡ.

ತೂಕ ಮೊದಲ ವಾರ ಇಳಿಯುತ್ತದೆ, ಇದು ಗೊತ್ತಿಲ್ಲದೆ ಎಷ್ಟೋ ಜನ ಗಾಬರಿಯಾಗುತ್ತಾರೆ. 3 ಕೆಜಿ ಹುಟ್ಟಿದ ಕೂಸು 2 ಕೆಜಿ 800 ಗ್ರಾಂಗೆ ಇಳಿದರೆ ಸಹಜ. 2 ಕೆಜಿ 700ಕ್ಕಿಂತ ಕೆಳಗೆ ಹೋದರೆ ಡಾಕ್ಟರಿಗೆ ತೋರಿಸಿ. ಎರಡು ವಾರದೊಳಗೆ ಹುಟ್ಟಿದ ತೂಕ ವಾಪಸ್ ಬರಬೇಕು, ಆಮೇಲೆ ದಿನಕ್ಕೆ 20 ರಿಂದ 30 ಗ್ರಾಂ ಏರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಆಶಾ ಅಕ್ಕ ಮನೆಗೆ ಬಂದು ತೂಕ, ಜ್ವರ, ಹೊಕ್ಕಳು ನೋಡಬೇಕು. ಮಳೆಯಲ್ಲಿ ಕೊಡೆ ಹಿಡಿದು ತೋಟ ದಾಟಿ ಬರುವವರು ಅವರು. ತವರಿಗೆ ಬಂದಿದ್ದರೆ ಆ ಊರಿನ ಆಶಾ ಅವರಿಗೆ ನೀವೇ ಹೇಳಿ ಕಳಿಸಿ, ಇಲ್ಲದಿದ್ದರೆ ಗಂಡನ ಊರಿನ ಪಟ್ಟಿಯಲ್ಲೇ ಹೆಸರು ಉಳಿದು ಯಾರೂ ಬರದೇ ಹೋಗಬಹುದು.

ಹಳದಿ ನೋಡುವ ಕ್ರಮ

ಹೆಚ್ಚಿನ ಕೂಸುಗಳಿಗೆ ಎರಡು ಮೂರನೇ ದಿನ ಸ್ವಲ್ಪ ಹಳದಿ ಬಂದು, ಐದನೇ ದಿನದ ಹೊತ್ತಿಗೆ ಜಾಸ್ತಿಯಾಗಿ, ಎರಡು ವಾರದಲ್ಲಿ ಹೋಗುತ್ತದೆ. ಹಳೆಯ ರಕ್ತಕಣ ಒಡೆದಾಗ ಬರುವ ಹಳದಿ ಅಂಶವನ್ನು ಹೊರಹಾಕಲು ಎಳೆ ಕೂಸಿನ ಪಿತ್ತಜನಕಾಂಗಕ್ಕೆ (ಲಿವರಿಗೆ) ಇನ್ನೂ ಪೂರ್ತಿ ಶಕ್ತಿ ಬಂದಿರುವುದಿಲ್ಲ, ಅದಕ್ಕೇ ಹೀಗೆ. ಹಾಲು ಚೆನ್ನಾಗಿ ಕುಡಿದರೆ ಕಕ್ಕದಲ್ಲಿ ಹೋಗುತ್ತದೆ. ಆದರೆ ಮಿತಿ ಮೀರಿದರೆ ಮಿದುಳಿಗೇ ಪೆಟ್ಟು, ಅದಾದ ಮೇಲೆ ಸರಿಮಾಡಲು ಬರುವುದಿಲ್ಲ.

ಬಲ್ಬಿನ ಬೆಳಕಿನಲ್ಲಿ ಏನೂ ಗೊತ್ತಾಗದು, ನಮ್ಮ ಬಾಣಂತಿ ಕೋಣೆಗಳಂತೂ ಹಗಲೇ ಕತ್ತಲೆ. ಮೊದಲ ವಾರ ಬೆಳಗ್ಗೆ ಒಂದು ಸಲ, ಸಂಜೆ ಬೆಳಕು ಇರುವಾಗ ಒಂದು ಸಲ ಕಿಟಕಿ ಹತ್ತಿರ ಒಯ್ದು ನೋಡಿ. ಹಣೆ, ಎದೆ, ಹೊಟ್ಟೆ, ಕಾಲು, ಅಂಗೈ, ಅಂಗಾಲು ಈ ಕ್ರಮದಲ್ಲಿ ಬೆರಳು ಒತ್ತಿ ಬಿಡಿ. ಹಳದಿ ಮುಖದಿಂದ ಕೆಳಕ್ಕೆ ಇಳಿಯುತ್ತ ಹೋಗುತ್ತದೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಬಂದರೆ, ಅಥವಾ ಹಳದಿಯ ಜೊತೆ ಕೂಸು ಮಂಕಾಗಿ ಹಾಲು ಬಿಟ್ಟರೆ ಕಾಯಬೇಡಿ. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಅನ್ನೋದನ್ನು ನಂಬಿ ದಿನ ಕಳೆಯಬೇಡಿ. ಆಸ್ಪತ್ರೆಯ ನೀಲಿ ಲೈಟಿನ ಕೆಲಸ ಬಿಸಿಲು ಮಾಡುವುದಿಲ್ಲ, ಜುಲೈಯಲ್ಲಿ ಆ ಬಿಸಿಲಾದರೂ ಎಲ್ಲಿದೆ? ಎರಡು ವಾರ ಕಳೆದರೂ ಹಳದಿ ಇದ್ದರೆ, ಅಥವಾ ಕಕ್ಕ ಸುಣ್ಣದ ಹಾಗೆ ಬಿಳಿಚಿದ್ದರೆ, ಅದನ್ನೂ ತೋರಿಸಲೇಬೇಕು.

ಬೆಚ್ಚಗೆ ಮತ್ತು ಒಣಗಿ

ಕೂಸು ಬೆಚ್ಚಗಿದೆಯಾ ಅನ್ನೋದನ್ನು ಕೈ ಹಿಂಬದಿಯಿಂದ ಹೊಟ್ಟೆ ಮತ್ತು ಪಾದ ಮುಟ್ಟಿ ತಿಳಿಯಬಹುದು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹಿಡಿಯುತ್ತಿದೆ. ಹೊಟ್ಟೆಯೂ ತಣ್ಣಗಿದ್ದರೆ ಅಪಾಯ, ಎದೆಗಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿ. ಬೆಚ್ಚಗೆ ಮಾಡಲು ಅಮ್ಮನ ಎದೆಗಿಂತ ಒಳ್ಳೆಯ ಜಾಗ ಇಲ್ಲ. ಕೂಸಿಗೆ ಕುಲಾವಿ, ಲಂಗೋಟಿ ಮಾತ್ರ ಹಾಕಿ ಬಟ್ಟೆಯಿಲ್ಲದ ಎದೆಯ ಮೇಲೆ ಮಲಗಿಸಿಕೊಂಡು ಮೇಲೆ ಕಂಬಳಿ ಹೊದೆಯುವುದು. ಎರಡೂವರೆ ಕೆಜಿಗಿಂತ ಕಮ್ಮಿ ಹುಟ್ಟಿದ ಕೂಸಿಗೆ ದಿನಾ ಎಷ್ಟು ಹೊತ್ತು ಆಗುತ್ತದೋ ಅಷ್ಟೂ ಹೊತ್ತು ಇದನ್ನೇ ಮಾಡಿ. ಅಪ್ಪನೂ ಮಾಡಬಹುದು. ನನ್ನ ಗಂಡ ಮೊದಲು ಹೆದರಿದರು, ಆಮೇಲೆ ಸಂಜೆ ತೋಟದಿಂದ ಬಂದು ಬಿಸಿನೀರು ಸ್ನಾನ ಮಾಡಿ ಕೂಸನ್ನು ಅವರೇ ಕೇಳಿ ಇಸಿದುಕೊಳ್ಳುತ್ತಿದ್ದರು.

ಈಗ ಹೊಗೆಯ ವಿಷಯ. ಬಾಣಂತಿ ಕೋಣೆಯ ಬಾಗಿಲು ಕಿಟಕಿ ಹಾಕಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಮಲಗುವುದು ತುಂಬಾ ಅಪಾಯ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ಕೋಣೆ ಬೆಚ್ಚಗೆ ಮಾಡಬೇಕಿದ್ದರೆ ಮೊದಲೇ ಮಾಡಿ, ಕೆಂಡ ಹೊರಗೆ ಒಯ್ದು, ಗಾಳಿ ಆಡಿಸಿ, ಆಮೇಲೆ ಕೂಸನ್ನು ತನ್ನಿ. ಸ್ನಾನ ಆದ ಮೇಲೆ ತಲೆಗೂದಲಿಗೆ ಲೋಬಾನದ ಹೊಗೆ ಹಿಡಿಯುವ ಪದ್ಧತಿಯನ್ನು ನಾವು ಬಿಟ್ಟೆವು, ಎಳೆ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ. ಬಟ್ಟೆಯನ್ನು ಬಚ್ಚಲ ಒಲೆಯ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸುವುದು ಪರವಾಗಿಲ್ಲ, ಆದರೆ ಕರೆಂಟ್ ಇದ್ದಾಗ ಇಸ್ತ್ರಿ ಹಾಕಿಟ್ಟುಕೊಂಡರೆ ಬೂಷ್ಟೂ ಹಿಡಿಯದು, ಹೊಗೆ ವಾಸನೆಯೂ ಇರದು. ಒದ್ದೆ ಲಂಗೋಟಿ ಸುತ್ತಿದರೆ ಮಾತ್ರ ಎರಡೇ ದಿನದಲ್ಲಿ ತೊಡೆಸಂದಿ ಕೆಂಪಾಗುತ್ತದೆ.

ಮಲಗಿಸುವುದು ಯಾವಾಗಲೂ ಅಂಗಾತ. ಮುಖದ ಹತ್ತಿರ ದಿಂಬು, ದಪ್ಪ ಕೌದಿ ಬೇಡ. ಸೊಳ್ಳೆಪರದೆ ಬೇಕು.

ಹೊಕ್ಕಳು, ಎಣ್ಣೆ, ಸ್ನಾನ

ಹೊಕ್ಕಳ ಬಳ್ಳಿಗೆ ಏನೂ ಹಚ್ಚಬೇಡಿ. ಅರಿಶಿನ, ಬೂದಿ, ಕೊಬ್ಬರಿ ಎಣ್ಣೆ, ಪೌಡರ್, ಯಾವುದೂ ಬೇಡ. ಲಂಗೋಟಿಯನ್ನು ಹೊಕ್ಕಳಿಗಿಂತ ಕೆಳಗೆ ಕಟ್ಟಿ, ಒಣಗಿರಲು ಬಿಡಿ, ಒಂದೆರಡು ವಾರದಲ್ಲಿ ತಾನೇ ಬೀಳುತ್ತದೆ. ಅಲ್ಲಿಯವರೆಗೆ ಮೈಯನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಬುಡ ಕೆಂಪಾಗಿ ಊದಿಕೊಂಡರೆ, ಕೀವು ಬಂದರೆ, ಕೆಟ್ಟ ವಾಸನೆ ಬಂದರೆ ಆವತ್ತೇ ತೋರಿಸಿ.

ಆಮೇಲೆ ನೀರು ಹಾಕುವ ಸಂಭ್ರಮ. ಅಜ್ಜಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಬೆಚ್ಚಗಿನ ತೆಂಗಿನೆಣ್ಣೆ ಸವರಿ ಮಾತಾಡಿಸುತ್ತ ತಿಕ್ಕುವುದನ್ನು ನೋಡುವುದೇ ಚಂದ, ಕೂಸಿಗೂ ಅದು ಒಳ್ಳೆಯದು. ಮೃದುವಾಗಿ ಮಾಡಿ ಅಂತ ಮಾತ್ರ ಹೇಳಿ. ಹಂಡೆಯ ನೀರನ್ನು ಮೊಣಕೈ ಅದ್ದಿ ನೋಡಿಯೇ ಹಾಕಿ, ದೊಡ್ಡವರ ಅಂಗೈಗೆ ಹದ ಅನ್ನಿಸಿದ್ದು ಕೂಸಿನ ಚರ್ಮಕ್ಕೆ ಸುಡುತ್ತದೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹುಟ್ಟಿದ ಕೂಸಿನ ಎದೆ ಊದಿಕೊಂಡು ಹನಿ ಹಾಲು ಬಂದರೆ ಹಿಂಡಬೇಡಿ, ಅದು ಅಮ್ಮನ ಹಾರ್ಮೋನಿನಿಂದ ಬಂದದ್ದು, ತಾನೇ ಹೋಗುತ್ತದೆ. ಹೆಣ್ಣುಕೂಸಿಗೆ ಮೊದಲ ವಾರ ಒಂದೆರಡು ಹನಿ ರಕ್ತ ಕಂಡರೂ ಕಾರಣ ಅದೇ.

ಕಣ್ಣಿಗೆ ಕಾಡಿಗೆ ಬೇಡ. ದೃಷ್ಟಿ ಬೊಟ್ಟು ಇಡಲೇಬೇಕಿದ್ದರೆ ಅಂಗಾಲಿಗೆ ಇಡಿ, ಅಜ್ಜಿಗೂ ಸಮಾಧಾನ.

ಬಾಯಿಗೆ ಎದೆಹಾಲು ಬಿಟ್ಟು ಏನೂ ಬೇಡ

ಆರು ತಿಂಗಳು ನೀರೂ ಬೇಡ. ಜೇನುತುಪ್ಪ ನಮ್ಮ ಕಾಡಿನದ್ದೇ ಇರಲಿ, ಎಷ್ಟೇ ಶುದ್ಧ ಇರಲಿ, ಒಂದು ವರ್ಷದವರೆಗೆ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಲ್ಲಿ ಮೊಳೆತು ವಿಷ ಬಿಡುತ್ತದೆ, ಮೈಯೆಲ್ಲ ಸೋಲುತ್ತದೆ. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಕುಡಿಸುವುದು ಕೂಡ ಬೇಡ. ಬೇಡ ಅಂತ ಹಿರಿಯರಿಗೆ ಹೇಳುವುದು ಸುಲಭ ಅಲ್ಲ, ನನಗೂ ಆಗಲಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೇ ಕರೆದುಕೊಂಡು ಹೋದೆ. ಅವರೇ ಕೇಳಿದರು, ಅವರೇ ಉತ್ತರ ಕೇಳಿಸಿಕೊಂಡರು, ಮನೆಗೆ ಬಂದು ಮೂರು ಜನಕ್ಕೆ ಅವರೇ ಹೇಳಿದರು. ವಿಟಮಿನ್ ಡಿ ಹನಿ ಮಾತ್ರ ಡಾಕ್ಟರು ಬರೆದುಕೊಡುತ್ತಾರೆ, ದಿನಕ್ಕೆ 400 ಐಯು, ಅದನ್ನು ತಪ್ಪಿಸಬೇಡಿ.

ಹೊರಡಲೇಬೇಕಾದಾಗ

ಇದನ್ನು ಬರೆದು ಗಾಡಿ ನಂಬರಿನ ಪಕ್ಕವೇ ಅಂಟಿಸಿ. ಹಾಲು ಕುಡಿಯುವುದು ಬಿಟ್ಟರೆ. ಎಬ್ಬಿಸಿದರೂ ಏಳದಷ್ಟು ಮಂಕಾದರೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಜಾಸ್ತಿ ಬಂದರೆ. ಬೆಚ್ಚಗೆ ಮಾಡಿದ ಮೇಲೂ 36.5 ದಾಟದಿದ್ದರೆ. ಕೂಸು ಸುಮ್ನೆ ಮಲಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ, 60 ಅಥವಾ ಜಾಸ್ತಿ ಇದ್ದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ನರಳಿದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಹಸಿರು ವಾಂತಿಯಾದರೆ, ನೆತ್ತಿ ಉಬ್ಬಿದ್ದರೆ ಅಥವಾ ಗುಳಿ ಬಿದ್ದಿದ್ದರೆ. ಇವುಗಳಲ್ಲಿ ಒಂದು ಸಾಕು. ಮನೆಯಲ್ಲಿದ್ದ ಜ್ವರದ ಸಿರಪ್ ಕೊಟ್ಟು ನೋಡಬೇಡಿ, ಮೂರು ತಿಂಗಳೊಳಗಿನ ಕೂಸಿನ ಜ್ವರಕ್ಕೆ ಡಾಕ್ಟರೇ ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಈ ವಯಸ್ಸಿನ ಕೂಸಿನ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ದಾರಿಯುದ್ದಕ್ಕೂ ಕೂಸು ಎದೆಗೆ ಅಂಟಿಕೊಂಡೇ ಇರಲಿ, ಕುಡಿಯುವ ಹಾಗಿದ್ದರೆ ಕುಡಿಸುತ್ತಲೇ ಹೋಗಿ.

ಡಿಸೆಂಬರಿನಿಂದ ಮೇ ತನಕ ಹುಟ್ಟಿದ ಕೂಸಿದ್ದರೆ ಮಂಗನ ಕಾಯಿಲೆಯ ಕಾಲವೂ ಅದೇ. ಕಾಡಿಗೆ ಹೋಗಿ ಸೊಪ್ಪು, ದರಗು ತಂದವರು ಬಟ್ಟೆ ಬಿಚ್ಚಿ ಬಿಸಿನೀರಲ್ಲಿ ನೆನೆಹಾಕಿ, ಸೋಪು ಹಚ್ಚಿ ಮಿಂದು, ಆಮೇಲೆ ಕೂಸು ಮುಟ್ಟಲಿ. ಈ ಕಾಯಿಲೆ ಹರಡುವ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಬಟ್ಟೆಯಲ್ಲಿ ಬರುತ್ತದೆ.

ಬಾಣಂತಿಯನ್ನು ಮರೆಯಬೇಡಿ

ನೀರು ಕುಡಿದರೆ ಕೂಸಿಗೆ ಶೀತ, ತರಕಾರಿ ತಿಂದರೆ ನಂಜು ಅಂತ ಬಾಣಂತಿಗೆ ಬರೀ ಅನ್ನ ಮೆಣಸಿನ ಸಾರು ಹಾಕುವ ಮನೆಗಳು ಇನ್ನೂ ಇವೆ. ಹಾಲು ಬರಬೇಕಾದವಳಿಗೆ ಬಾಯಾರಿಕೆ ಆದಷ್ಟು ನೀರು ಬೇಕು, ಕಾಯಿಸಿ ಆರಿಸಿದ್ದು ಕೊಡಿ. ಸೊಪ್ಪು, ಬೇಳೆ, ಮೊಟ್ಟೆ, ಮೀನು, ಮನೆಯಲ್ಲಿ ಏನು ತಿನ್ನುತ್ತೀರೋ ಅದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಹೆರಿಗೆಯಾದ ಮೇಲೂ ಆರು ತಿಂಗಳು ತೆಗೆದುಕೊಳ್ಳಬೇಕು. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಜ್ವರ ಬಂದರೆ, ತಲೆ ಒಡೆದುಹೋಗುವ ಹಾಗೆ ನೋವಾಗಿ ಕಣ್ಣು ಮಂಜಾದರೆ, ಒಂದೇ ಕಾಲು ಊದಿಕೊಂಡು ನೋವಾದರೆ ಅವಳನ್ನೂ ಅದೇ ಗಾಡಿಯಲ್ಲಿ ಕರೆದೊಯ್ಯಿರಿ.

ಮೂರನೇ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು ಬರುವುದು ತುಂಬಾ ಜನರಿಗೆ ಇರುತ್ತದೆ, ಎರಡು ವಾರದಲ್ಲಿ ತಗ್ಗುತ್ತದೆ. ತಗ್ಗದಿದ್ದರೆ, ಕೂಸು ಮಲಗಿದರೂ ಅವಳಿಗೆ ನಿದ್ದೆ ಬರದಿದ್ದರೆ, ಕೂಸನ್ನು ನೋಡಲು ಮನಸ್ಸೇ ಇಲ್ಲದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ, ಅದು ಕಾಯಿಲೆ, ಅದಕ್ಕೆ ಮದ್ದಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಎಡೆಬಿಡದ ಮಳೆ, ಕತ್ತಲೆ ಕೋಣೆ, ಮಾತಾಡಲು ಯಾರೂ ಇಲ್ಲದ ಒಂಟಿಮನೆ, ಇವು ಮನಸ್ಸನ್ನು ಇನ್ನೂ ಕುಗ್ಗಿಸುತ್ತವೆ. ದಿನಕ್ಕೆ ಒಂದು ಗಂಟೆಯಾದರೂ ಅವಳನ್ನು ಜಗಲಿಗೆ ಕರೆದು ಕೂರಿಸಿ.

ಆರನೇ ವಾರದಿಂದ ಮುಂದೆ

ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಆಗಿರುತ್ತದೆ. ಮುಂದಿನದು 6, 10, 14ನೇ ವಾರ, ಆಮೇಲೆ 9ನೇ ತಿಂಗಳು. ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಹೆಸರನ್ನು ನಾಮಕರಣ ಆದ ಮೇಲೂ ಸೇರಿಸಬಹುದು.

ಅಳು ಜಾಸ್ತಿ ಇರುವುದು ಸುಮಾರು ಆರನೇ ವಾರಕ್ಕೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುವಾದರೆ ನಿಲ್ಲುವುದೇ ಇಲ್ಲ. ಮೂರು ನಾಲ್ಕು ತಿಂಗಳಿಗೆ ಕಮ್ಮಿಯಾಗುತ್ತದೆ. ಎತ್ತಿಕೊಂಡರೆ ಕೈ ಅಭ್ಯಾಸ ಆಗುತ್ತದೆ ಅನ್ನುವವರ ಮಾತು ಕೇಳಬೇಡಿ, ಎತ್ತಿಕೊಳ್ಳಿ. ತೀರಾ ಸಾಕಾಗಿ ಸಿಟ್ಟು ಬಂದರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಬೇರೆಯವರನ್ನು ಕರೆಯಿರಿ, ಯಾವ ಕಾರಣಕ್ಕೂ ಅಲುಗಾಡಿಸಬೇಡಿ.

ಅದೇ ಆರೆಂಟು ವಾರದಲ್ಲಿ ನಿಜವಾದ ನಗು ಬರುತ್ತದೆ. ನಿದ್ದೆಯಲ್ಲಿ ದೇವರು ನಗಿಸುವ ನಗು ಬೇರೆ. ಇದು ನಿಮ್ಮ ಮುಖ ನೋಡಿ, ಗುರುತು ಹಿಡಿದು, ಬಾಯಿ ಅಗಲಿಸಿ ನಗುವುದು. ಒಂದಡಿಗಿಂತ ಹತ್ತಿರ ಹೋಗಿ ಮಾತಾಡಿಸಿ, ಎಳೆಗಣ್ಣಿಗೆ ಸ್ಪಷ್ಟವಾಗಿ ಕಾಣುವುದು ಅಷ್ಟೇ ದೂರ. ಮೂರು ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ. ನಾಲ್ಕರಿಂದ ಆರರಲ್ಲಿ ಬೋರಲು ಬೀಳುತ್ತದೆ. ಐದಾರು ತಿಂಗಳಿಗೆ ತೂಕ ಹುಟ್ಟಿದಾಗಿನ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು. ಆರು ತುಂಬಿದ ಮೇಲೆ ರಾಗಿ ಮಣ್ಣಿ, ನುರಿದ ಅನ್ನ ಬೇಳೆ, ಹಣ್ಣಾದ ಪುಟ್ಟಬಾಳೆ, ಜೊತೆಗೆ ಎದೆಹಾಲು. ಎಂಟೊಂಬತ್ತಕ್ಕೆ ಆನಿಕೆಯಿಲ್ಲದೆ ಕೂರುತ್ತದೆ. ಹನ್ನೆರಡರಿಂದ ಹದಿನೈದಕ್ಕೆ ನಡಿಗೆ, ಕೆಲವು ಹದಿನೆಂಟಕ್ಕೆ. ಅಂಬೆಗಾಲು ಇಡದೆ ನೇರ ನಿಲ್ಲುವ ಮಕ್ಕಳೂ ಇದ್ದಾರೆ.

ಪಕ್ಕದ ಮನೆ ಕೂಸಿನ ಜೊತೆ ಹೋಲಿಸಬೇಡಿ. ಆದರೆ ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಪಾತ್ರೆ ಬಿದ್ದ ಶಬ್ದಕ್ಕೂ ಬೆಚ್ಚದಿದ್ದರೆ, ಐದಕ್ಕೂ ಕತ್ತು ನಿಲ್ಲದಿದ್ದರೆ, ಒಂಬತ್ತು ದಾಟಿದರೂ ಕೂರದಿದ್ದರೆ, ಮೊದಲು ಮಾಡುತ್ತಿದ್ದುದನ್ನು ಬಿಟ್ಟುಬಿಟ್ಟರೆ ಚುಚ್ಚುಮದ್ದಿನ ದಿನವೇ ಡಾಕ್ಟರ ಹತ್ತಿರ ಹೇಳಿ. ಬೇಗ ಶುರುಮಾಡಿದ ಚಿಕಿತ್ಸೆಯಿಂದ ತುಂಬಾ ಸುಧಾರಣೆ ಆಗುತ್ತದೆ. ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಿ. ಒಂದೂವರೆ ತಿಂಗಳು ಮೊದಲೇ ಹುಟ್ಟಿದ ಕೂಸಿನ ಮೊದಲ ನಗು ಎರಡರ ಬದಲು ಮೂರೂವರೆ ತಿಂಗಳಿಗೆ ಬಂದರೆ ಅದು ತಡವಲ್ಲ. ಚುಚ್ಚುಮದ್ದನ್ನು ಮಾತ್ರ ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು.